ಮೃಗಶಿರಾ ಮಳೆಗೆ ಮುಂಚೆ: ದೊಡ್ಡ ಡ್ಯುಯಲ್ ಸ್ಪೋರ್ಟ್ ಗಾಡಿಯನ್ನು ಮಲೆನಾಡಿಗೆ ಹದ ಮಾಡುವುದು

ಡ್ಯುಯಲ್ ಸ್ಪೋರ್ಟ್, ಅಂದರೆ ಟಾರಿಗೂ ಮಣ್ಣು ದಾರಿಗೂ ಆಗುವ ಹೊಸ ಬೈಕು ಶಿವಮೊಗ್ಗದ ಶೋರೂಮಿನಿಂದ ಹೊರಬಂದ ವಾರದಲ್ಲೇ ಅದಕ್ಕೆ ಅಲ್ಯೂಮಿನಿಯಂ ಪೆಟ್ಟಿಗೆ, ನಾಲ್ಕು ಲೈಟು, ಅಗಲವಾದ ಗಾರ್ಡು ಎಲ್ಲಾ ಏರಿಬಿಡುತ್ತವೆ. ಆಷಾಢದಲ್ಲಿ ಅದೇ ಗಾಡಿ ಹೊಸನಗರದ ಕಡೆ ಯಾವುದೋ ಮಣ್ಣು ದಾರಿಯಲ್ಲಿ ಕೈ ಕೊಟ್ಟಾಗ ಕಾರಣ ಹುಡುಕಿದರೆ ಸಿಗುವುದು ಬೇರೆಯೇ: ಹ್ಯಾಂಡಲ್ ಕಂಬದ ಬುಡದಲ್ಲಿ ಗ್ರೀಸ್ ಕಾಣದ ಕೋನ್‌ಸೆಟ್, ನೀರು ಹೊಕ್ಕ ಕಪ್ಲರ್ (ವೈರುಗಳನ್ನು ಕೂಡಿಸುವ ಜೋಡಣೆ), ಜಗ್ಗಿ ಹೋದ ಟ್ಯೂಬಿನ ವಾಲ್. ಮಲೆನಾಡಿನಲ್ಲಿ ಗಾಡಿಯ ಶತ್ರುಗಳು ಮೂರು. ನೀರು, ಜಂಬಿಟ್ಟಿಗೆ ಮಣ್ಣಿನ ಕೆಸರು, ಗಾಡಿಯ ಸ್ವಂತ ತೂಕ. ದುಡ್ಡು ಮೊದಲು ಹೋಗಬೇಕಾದ್ದು ಇವುಗಳ ಕಡೆಗೆ. ಪೆಟ್ಟಿಗೆ, ಲೈಟುಗಳ ಸರದಿ ಆಮೇಲೆ.

ಇಲ್ಲಿ ಹೇಳಿರುವುದು 21 ಇಂಚಿನ ಮುಂಚಕ್ರ, ಕಡ್ಡಿ ರಿಮ್ಮು, ಹಿಂದೆ ಒಂದೇ ಶಾಕಪ್ ಇರುವ, 200 ಕಿಲೋ ಆಸುಪಾಸಿನ ಗಾಡಿಗಳಿಗೆ. ನಮ್ಮ ಕಡೆ ಹೆಚ್ಚಾಗಿ ಕಾಣುವುದು ರಾಯಲ್ ಎನ್‌ಫೀಲ್ಡ್ ಕಂಪನಿಯ ಹಿಮಾಲಯನ್. 2016ರಲ್ಲಿ ಬಂದ 411 ಸಿಸಿಯದು ಒಂದು, 2023ರ ಕೊನೆಗೆ ಬಂದ 452 ಸಿಸಿಯದು ಇನ್ನೊಂದು. ಎರಡನೆಯದು 17 ಲೀಟರ್ ಟ್ಯಾಂಕ್ ಸೇರಿ 196 ಕಿಲೋ ತೂಗುತ್ತದೆ, ನೆಲದಿಂದ 230 ಮಿ.ಮೀ. ಎತ್ತರ ಇದೆ, ಹಿಂದೂ ಮುಂದೂ ಶಾಕಪ್ ಓಡಾಟ 200 ಮಿ.ಮೀ. ಬೇರೆ ಕಂಪನಿಯ ಗಾಡಿಗೂ ತತ್ವ ಇದೇ. ಬೋಲ್ಟಿನ ಬಿಗಿ, ಆಯಿಲ್ಲಿನ ದರ್ಜೆ, ಗಾಳಿಯ ಒತ್ತಡ ಮಾತ್ರ ನಿಮ್ಮ ಗಾಡಿಯ ಕೈಪಿಡಿ ನೋಡಿಯೇ ಹಾಕಬೇಕು.

ಮೊದಲು ಗಾಡಿ ಎತ್ತುವುದನ್ನು ಕಲಿಯಿರಿ

ಬೇರೆ ಏನನ್ನೂ ಮುಟ್ಟುವ ಮುಂಚೆ ಇದು ಆಗಬೇಕು. ಅಂಗಳದಲ್ಲಿ ಹಳೆಯ ಗೋಣಿಚೀಲ ಹಾಸಿ, ಜೊತೆಗೆ ಒಬ್ಬರನ್ನು ನಿಲ್ಲಿಸಿಕೊಂಡು, ಗಾಡಿಯನ್ನು ಮೆಲ್ಲಗೆ ಮಲಗಿಸಿ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ಹೊರಗೆ ಎಳೆಯಿರಿ. ಇಲ್ಲದಿದ್ದರೆ ಕಷ್ಟಪಟ್ಟು ಎತ್ತಿದ ಗಾಡಿ ಆಚೆ ಪಕ್ಕಕ್ಕೆ ಬೀಳುತ್ತದೆ. ಆಗುವುದಾದರೆ ಗೇರಿನಲ್ಲಿ ಹಾಕಿ, ಉರುಳುವುದಿಲ್ಲ. ಹ್ಯಾಂಡಲನ್ನು ಪೂರ್ತಿ ನೆಲದ ಕಡೆಗೆ ತಿರುಗಿಸಿ, ಸೀಟಿಗೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲಿನ ತುದಿ, ಇನ್ನೊಂದರಲ್ಲಿ ಹಿಂದಿನ ಕ್ಯಾರಿಯರ್ ಹಿಡಿದು, ಸೊಂಟ ಬಗ್ಗಿಸದೆ ಕಾಲಿನ ಬಲದಲ್ಲಿ ಹಿಂದಕ್ಕೆ ಸಣ್ಣ ಸಣ್ಣ ಹೆಜ್ಜೆ ಇಡುತ್ತಾ ಏಳಿ. ಒಬ್ಬರೇ ಎರಡು ಸಲ ಎತ್ತಲು ಆಗದಿದ್ದರೆ ಆ ಗಾಡಿಗೆ ಇನ್ನು ಒಂದು ಕಿಲೋ ಕೂಡ ಸೇರಿಸಬೇಡಿ. ಕೆಸರಿನಲ್ಲಿ ಕಾಲು ಜಾರುತ್ತಿರುವಾಗ ಆ ಭಾರ ದುಪ್ಪಟ್ಟಾದಂತೆ ಅನ್ನಿಸುತ್ತದೆ.

ಕೋನ್‌ಸೆಟ್, ಲಿಂಕ್, ಬೇರಿಂಗು

ಹ್ಯಾಂಡಲ್ ತಿರುಗುವ ಕಂಬದ ಬೇರಿಂಗಿಗೆ ಗ್ಯಾರೇಜಿನಲ್ಲಿ ಕೋನ್‌ಸೆಟ್ ಎನ್ನುತ್ತಾರೆ. ಗುಂಡಿ ಬಿದ್ದ ರಸ್ತೆಯ ಪೆಟ್ಟೆಲ್ಲ ಮೊದಲು ಬೀಳುವುದು ಇದಕ್ಕೆ. ಮುಂಚಕ್ರ ಎರಚುವ ನೀರು ನೇರವಾಗಿ ಕೆಳಗಿನ ಬೇರಿಂಗಿಗೇ ಹೊಡೆಯುತ್ತದೆ. ಗ್ರೀಸ್ ತೊಳೆದುಹೋದ ಮೇಲೆ ಗುಂಡುಗಳು ಬಟ್ಟಲಿನಲ್ಲಿ ಸಣ್ಣ ಸಣ್ಣ ಕುಳಿ ಕೊರೆಯುತ್ತವೆ.

ಪರೀಕ್ಷೆ ಸುಲಭ. ಎಂಜಿನ್ ಅಡಿಗೆ ಮರದ ದಿಮ್ಮಿ ಕೊಟ್ಟು ಮುಂಚಕ್ರ ನೆಲ ಬಿಡುವಂತೆ ಮಾಡಿ. ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ; ಟಕ್ ಎಂದರೆ ಸಡಿಲ. ಹ್ಯಾಂಡಲನ್ನು ಒಂದೇ ಬೆರಳಲ್ಲಿ ನಿಧಾನಕ್ಕೆ ಈ ತುದಿಯಿಂದ ಆ ತುದಿಗೆ ತಿರುಗಿಸಿ. ನೇರ ಬಂದಾಗ ಕುಳಿಗೆ ಕೂತಂತೆ ತಡೆದರೆ ಬಟ್ಟಲು ಸವೆದಿದೆ. ಅದನ್ನು ಬಿಗಿ ಮಾಡಿ ಸರಿಪಡಿಸಲು ಆಗುವುದಿಲ್ಲ. ಬಿಗಿ ಮಾಡಿದಷ್ಟೂ ಗಾಡಿ ತಿರುವಿನಲ್ಲಿ ತನ್ನಷ್ಟಕ್ಕೆ ಎಳೆಯುತ್ತದೆ.

411ರಲ್ಲಿ ಇದು ಬಹಳ ಜನರಿಗೆ ಗೊತ್ತಿರುವ ತೊಂದರೆ. ಬದಲಿಸುವಾಗ ಗುಂಡಿನ ಬೇರಿಂಗಿಗೆ ಮತ್ತೆ ಗುಂಡಿನದನ್ನೇ ಹಾಕದೆ ಟೇಪರ್ ರೋಲರ್, ಅಂದರೆ ಒಂದು ತುದಿ ಕಿರಿದಾದ ಉರುಳೆಗಳ ಬೇರಿಂಗ್, ಹಾಕಿಸಿ. ಅದರಲ್ಲಿ ಭಾರ ಚುಕ್ಕೆಯ ಮೇಲೆ ಬೀಳುವ ಬದಲು ಗೆರೆಯ ಉದ್ದಕ್ಕೂ ಹಂಚಿಹೋಗುತ್ತದೆ. ಹೊಸ ಹೊರಬಟ್ಟಲನ್ನು ಹಿಂದಿನ ರಾತ್ರಿ ಫ್ರೀಜರಿನಲ್ಲಿ ಇಟ್ಟರೆ ಕೂದಲೆಳೆಯಷ್ಟು ಕುಗ್ಗಿ, ಸುತ್ತಿಗೆಯ ಹೊಡೆತ ಹೆಚ್ಚು ಬೇಡದೆ ಕೂರುತ್ತದೆ. ಕೂರಿಸಲು ಹಳೆಯ ಬಟ್ಟಲನ್ನೇ ಮೇಲಿಟ್ಟು ಬಡಿಯಬಹುದು. ಅದು ಒಳಗೇ ಕಚ್ಚಿಕೊಳ್ಳದಂತೆ ಮೊದಲು ಒಂದು ಕಡೆ ಸೀಳಿ. ಗ್ರೀಸ್ ನೀರಿಗೆ ಕರಗದ ಜಾತಿಯದ್ದಾಗಿರಬೇಕು: ದೋಣಿ ಎಂಜಿನ್ನಿಗೆ ಹಾಕುವ ಮರೀನ್ ಗ್ರೀಸ್, ಇಲ್ಲವೇ ಕ್ಯಾಲ್ಸಿಯಂ ಸಲ್ಫೊನೇಟ್ ಗ್ರೀಸ್. ಅಂಗೈಯಲ್ಲಿ ಗ್ರೀಸ್ ಇಟ್ಟು ಬೇರಿಂಗಿನ ಅಗಲದ ಅಂಚನ್ನು ಅದಕ್ಕೆ ಒತ್ತಿ ಒತ್ತಿ ಎಳೆಯಿರಿ. ಆಚೆ ಬದಿಯಿಂದ ಗ್ರೀಸ್ ಹೊರಗೆ ಇಣುಕಿದರೆ ಮಾತ್ರ ತುಂಬಿದ ಲೆಕ್ಕ. ಮೇಲೆ ಸವರಿದ್ದು ಲೆಕ್ಕಕ್ಕಿಲ್ಲ. ಬಿಗಿ ಸರಿಯಾಗಿದ್ದರೆ ಮೇಲೆತ್ತಿದ ಚಕ್ರವನ್ನು ಸ್ವಲ್ಪ ತಳ್ಳಿದಾಗ ಹ್ಯಾಂಡಲ್ ತಾನೇ ಹೊರಳಿ ಕೊನೆ ಮುಟ್ಟುತ್ತದೆ, ಟಕ್ ಸದ್ದು ಇರುವುದಿಲ್ಲ. ಹೊಸ ಟೇಪರ್ ಕೂತುಕೊಳ್ಳಲು ಸಮಯ ಹಿಡಿಯುವುದರಿಂದ 500 ಕಿ.ಮೀ. ಆದಮೇಲೆ ಇನ್ನೊಮ್ಮೆ ನೋಡಲೇಬೇಕು.

ಹಿಂದಿನ ಶಾಕಪ್ಪನ್ನು ಹಿಂದಿನ ಫೋರ್ಕಿಗೆ ಜೋಡಿಸುವ ಲಿಂಕನ್ನು ಯಾರೂ ನೋಡುವುದಿಲ್ಲ. ಇಡೀ ಗಾಡಿಯಲ್ಲಿ ಹೆಚ್ಚು ಕೆಸರು ತಿನ್ನುವ ಜಾಗ ಅದು. ಒಳಗಿರುವುದು ಸೂಜಿಯಂಥ ಸಣ್ಣ ರೋಲರುಗಳು. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಹಿಂಚಕ್ರ ನೆಲ ಬಿಡುವಂತೆ ಗಾಡಿ ಎತ್ತಿ, ಲಿಂಕಿನ ಬೋಲ್ಟುಗಳನ್ನು ಬಿಚ್ಚಿ. ಯಾವ ಬೋಲ್ಟ್ ಯಾವ ಕಡೆಯಿಂದ ಬಂತು ಎಂದು ಫೋಟೊ ತೆಗೆದಿಟ್ಟುಕೊಳ್ಳಿ. ರೋಲರುಗಳು ಉದುರಬಹುದು, ಕೆಳಗೆ ಬಿಳಿ ಬಟ್ಟೆ ಹಾಸಿರಲಿ. ಕಂದು ಪುಡಿ ಕಂಡರೆ ಬೇರಿಂಗ್ ಬದಲಿಸಿ. ಬರೀ ಒಣಗಿದ್ದರೆ ಸೀಮೆಎಣ್ಣೆಯಲ್ಲಿ ತೊಳೆದು ಗ್ರೀಸ್ ತುಂಬಿ. ಹಿಂದಿನ ಫೋರ್ಕಿನ ಪಿವಟ್ಟಿಗೂ ಇದೇ ಉಪಚಾರ.

ಟೈರು, ಟ್ಯೂಬು, ಗಾಳಿ

ದೊಡ್ಡ ಗುಬ್ಬಿಯ (ಮೇಲಿನ ರಬ್ಬರ್ ಉಬ್ಬುಗಳ) ಟೈರು ಹಾಕಿದರೆ ಎಲ್ಲಾ ಕಡೆ ಹತ್ತುತ್ತದೆ ಎಂಬ ನಂಬಿಕೆ ಇದೆ. ಕೆಂಪು ಕೆಸರಿಗೆ ಅದು ನಿಜ. ಗುಬ್ಬಿಗಳ ನಡುವೆ ಅಂತರ ಇದ್ದಷ್ಟೂ ಮಣ್ಣು ಉದುರಿಹೋಗಿ ಚಕ್ರ ಹಿಡಿಯುತ್ತದೆ. ಆದರೆ ನಮ್ಮ ಓಡಾಟದ ಬಹುಪಾಲು ತೀರ್ಥಹಳ್ಳಿ, ಸಾಗರದ ಒದ್ದೆ ಟಾರಿನ ಮೇಲೆ. ಅಲ್ಲಿ ದೊಡ್ಡ ಗುಬ್ಬಿಯ ರಬ್ಬರು ನೆಲಕ್ಕೆ ಕಡಿಮೆ ತಾಗುತ್ತದೆ, ಬ್ರೇಕ್ ಹಿಡಿದಾಗ ಗುಬ್ಬಿ ಬಾಗುತ್ತದೆ, ಬೇಗ ಸವೆಯುತ್ತದೆ. ಅರ್ಧ ಟಾರು ಅರ್ಧ ಮಣ್ಣಿಗೆಂದು ಮಾಡಿದ ಟೈರೇ ಇಲ್ಲಿಗೆ ಸರಿ. ತೋಟದ ದಾರಿಯೇ ದಿನದ ದಾರಿಯಾಗಿದ್ದರೆ ಮುಂದಕ್ಕೆ ಮಾತ್ರ ಗುಬ್ಬಿ ಜಾಸ್ತಿ ಇರುವುದನ್ನು ಹಾಕಿ. ಹಿಂಚಕ್ರ ಜಾರಿದರೆ ಸಾವರಿಸಬಹುದು, ಮುಂಚಕ್ರ ಜಾರಿದರೆ ನೆಲವೇ ಗತಿ. ಮರದ ನೆರಳಿನ ಸಿಮೆಂಟ್ ರಸ್ತೆಯ ಮೇಲಿನ ಪಾಚಿಗೆ, ಕೊಳೆತ ದರಗಿಗೆ, ಒದ್ದೆ ಅಡಿಕೆ ಸಿಪ್ಪೆಗೆ ಯಾವ ಟೈರೂ ಔಷಧಿಯಲ್ಲ. ಅಂಥಲ್ಲಿ ಗಾಡಿ ನೆಟ್ಟಗೆ, ಬ್ರೇಕ್ ಮುಟ್ಟದೆ ಹೋಗಬೇಕು.

ಟಾರಿನ ಮೇಲೆ ಗಾಳಿ ಕೈಪಿಡಿ ಹೇಳಿದಷ್ಟು. ಕೆಸರಿಗೆ ಇಳಿಯುವಾಗ ಸಾಮಾನು ಇಲ್ಲದಿದ್ದರೆ ಮುಂದೆ 22ರಿಂದ 24, ಹಿಂದೆ 24ರಿಂದ 26 ಪಿಎಸ್‌ಐ ಸಾಕು. ಟ್ಯೂಬ್ ಗಾಡಿಯಲ್ಲಿ 20ಕ್ಕಿಂತ ಕೆಳಗೆ ಹೋದರೆ ಎರಡು ಅಪಾಯ. ಕಲ್ಲಿಗೆ ಬಡಿದಾಗ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬ್ ಸಿಕ್ಕಿ ಪಕ್ಕಪಕ್ಕದಲ್ಲಿ ಎರಡು ತೂತು ಬೀಳುತ್ತದೆ. ಜೊತೆಗೆ ಟೈರು ರಿಮ್ಮಿನ ಮೇಲೆ ನಿಧಾನಕ್ಕೆ ಸರಿಯುತ್ತಾ ಟ್ಯೂಬನ್ನೂ ಎಳೆದು ವಾಲ್ ಬುಡವನ್ನು ಹರಿಯುತ್ತದೆ. ಈ ಎರಡನೆಯದನ್ನು ಮೊದಲೇ ಪತ್ತೆ ಹಚ್ಚಬಹುದು. ವಾಲಿನ ನಟ್ಟನ್ನು ರಿಮ್ಮಿಗೆ ಬಿಗಿ ಮಾಡಬೇಡಿ, ಮೇಲಕ್ಕೆ ತಿರುಗಿಸಿ ಕ್ಯಾಪಿಗೆ ತಾಗಿಸಿ ಬಿಡಿ. ವಾಲ್ ಓರೆಯಾಗಿ ನಿಂತದ್ದು ಕಂಡರೆ ಟ್ಯೂಬ್ ಸರಿದಿದೆ ಎಂದು ತಿಳಿಯಿರಿ. ಗಾಳಿ ಬಿಟ್ಟು ಟೈರು ಸರಿ ಮಾಡಿ. ನಟ್ಟು ಬಿಗಿಯಿದ್ದರೆ ವಾಲ್ ನೆಟ್ಟಗೇ ಕಾಣುತ್ತದೆ, ಒಂದು ದಿನ ಫಟ್ಟೆಂದು ಕಿತ್ತುಕೊಳ್ಳುತ್ತದೆ. ವಾಲ್ ಬುಡ ಹರಿದ ಟ್ಯೂಬಿಗೆ ಪ್ಯಾಚ್ ಇಲ್ಲ.

ನಿಟ್ಟೂರಿನಿಂದ ಆಚೆ ರಾತ್ರಿ ಎಂಟಕ್ಕೆ ಪಂಕ್ಚರ್ ಅಂಗಡಿ ಹುಡುಕುವ ಬದಲು ಕೈಯಲ್ಲಿ ಕೆಲಸ ಇರುವುದು ಒಳ್ಳೆಯದು. ಬೇಕಾದ್ದು ಇಷ್ಟೇ: ಅಡಿಯಷ್ಟು ಉದ್ದದ ಮೂರು ಟೈರ್ ಲಿವರ್, ಎಕ್ಸೆಲ್ ನಟ್ಟಿನ ಸ್ಪಾನರ್, ವಾಲ್ ಪಿನ್ ಬಿಚ್ಚುವ ಕೀ, ಸಣ್ಣ ಪಂಪು, ಪ್ಯಾಚ್, ಸೊಲ್ಯೂಷನ್, ಚೂರು ಮರಳುಕಾಗದ, ಸೋಪಿನ ಚೂರು, ಒಂದು 21 ಇಂಚಿನ ಟ್ಯೂಬ್. ಮುಂಚಕ್ರದ ಈ ಟ್ಯೂಬು ತುರ್ತಿಗೆ 17 ಇಂಚಿನ ಹಿಂಚಕ್ರಕ್ಕೂ ಆಗುತ್ತದೆ. ಹಾಗಾಗಿ ಎರಡು ಹೊರುವುದು ಬೇಡ. ಮಳೆಯಲ್ಲಿ ಪ್ಯಾಚ್ ಸರಿಯಾಗಿ ಹಿಡಿಯದ ಕಾರಣ ದಾರಿಯಲ್ಲಿ ಟ್ಯೂಬ್ ಬದಲಿಸಿ, ಪ್ಯಾಚನ್ನು ಮನೆಗೆ ಬಂದು ಹಾಕಿ.

ಎಕ್ಸೆಲ್ ನಟ್ಟನ್ನು ಚಕ್ರ ನೆಲದ ಮೇಲೆ ಇರುವಾಗಲೇ ಸಡಿಲ ಮಾಡಿ, ಆಮೇಲೆ ಸೈಡ್ ಸ್ಟ್ಯಾಂಡಿನ ಎದುರು ಬದಿಗೆ ಕಲ್ಲೋ ದಿಮ್ಮಿಯೋ ಕೊಟ್ಟು ಎತ್ತಿ. ಪಿನ್ ತೆಗೆದು ಗಾಳಿ ಪೂರ್ತಿ ಬಿಡಿ. ಟೈರಿನ ಅಂಚು ರಿಮ್ಮಿಗೆ ಕಚ್ಚಿದ್ದರೆ ಜೊತೆಯ ಗಾಡಿಯ ಸೈಡ್ ಸ್ಟ್ಯಾಂಡನ್ನು ಅಂಚಿನ ಮೇಲೆ ಊರಿಸಿ ಒತ್ತಿದರೆ ಬಿಡುತ್ತದೆ. ಇನ್ನು ಮುಖ್ಯ ಗುಟ್ಟು: ಲಿವರ್ ಹಾಕುವುದು ವಾಲ್ ಇರುವ ಕಡೆ, ಆದರೆ ಮಂಡಿ ಊರಿ ಒತ್ತುವುದು ಅದರ ಎದುರು ಕಡೆ. ಅಲ್ಲಿ ಟೈರಿನ ಅಂಚು ರಿಮ್ಮಿನ ನಡುವಿನ ತಗ್ಗಿಗೆ ಇಳಿದರೆ ಈ ಕಡೆ ಅಷ್ಟು ಸಡಿಲ ಸಿಗುತ್ತದೆ. ಇದನ್ನು ಮಾಡದೆ ಬಲ ಹಾಕುವವರೇ ರಿಮ್ಮು ಬಗ್ಗಿಸುವುದು, ಹೊಸ ಟ್ಯೂಬಿಗೆ ತೂತು ಮಾಡುವುದು. ಒಂದು ಸಲಕ್ಕೆ ಎರಡು ಬೆರಳಗಲಕ್ಕಿಂತ ಹೆಚ್ಚು ಎಳೆಯಬೇಡಿ. ಟ್ಯೂಬ್ ತೆಗೆದ ಮೇಲೆ ಟೈರಿನ ಒಳಗೆ ಬೆರಳಾಡಿಸದೆ ಬಟ್ಟೆಯಾಡಿಸಿ. ಮುಳ್ಳೋ ಮೊಳೆಯೋ ಇದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಹೊಸ ಟ್ಯೂಬಿಗೆ ಆಕಾರ ಬರುವಷ್ಟು ಮಾತ್ರ ಗಾಳಿ ತುಂಬಿ ಒಳಗಿಟ್ಟು, ಎದುರು ಬದಿಯಿಂದ ಆರಂಭಿಸಿ ವಾಲ್ ಹತ್ತಿರ ಮುಗಿಸಿ. ಕೊನೆಯ ಗೇಣು ಎಳೆಯುವ ಮುಂಚೆ ವಾಲನ್ನು ಒಳಕ್ಕೆ ಒತ್ತಿ, ಟ್ಯೂಬ್ ಅಂಚಿನ ಕೆಳಗೆ ಸಿಕ್ಕಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಅಂಚಿಗೆ ಸೋಪಿನ ನೀರು ಹಚ್ಚಿ ಸುಮಾರು 35 ಪಿಎಸ್‌ಐವರೆಗೆ ತುಂಬಿ, ರಿಮ್ಮಿನ ಪಕ್ಕದ ಟೈರಿನ ಗೆರೆ ಸುತ್ತಲೂ ಒಂದೇ ಸಮ ಇದೆಯೇ ನೋಡಿ, ಬೇಕಾದಷ್ಟಕ್ಕೆ ಇಳಿಸಿ. ಚಕ್ರ ಕೂರಿಸಿದ ಮೇಲೆ ಹೊರಡುವ ಮುಂಚೆ ಬ್ರೇಕನ್ನು ನಾಲ್ಕೈದು ಸಲ ಒತ್ತಿ. ಡಿಸ್ಕ್ ಪ್ಯಾಡ್ ಹಿಂದೆ ಸರಿದಿರುತ್ತದೆ, ಮೊದಲ ಒತ್ತಿಗೆ ಬ್ರೇಕೇ ಇರುವುದಿಲ್ಲ. ಈ ಕೆಲಸಕ್ಕೆ ದರಗಿನ ಮೇಲೆ ಕೂರಬೇಡಿ. ಸುಣ್ಣ ತಂಬಾಕಿನ ಗಂಟು ಚೀಲದಲ್ಲಿ ಇದ್ದರೆ ಉಂಬಳಕ್ಕೂ (ಜಿಗಣೆಗೂ) ಉತ್ತರ ಇರುತ್ತದೆ.

2024ರ ಕೊನೆಯಿಂದ 452 ಸಿಸಿಯ ಹಿಮಾಲಯನ್ನಿಗೆ ಟ್ಯೂಬ್‌ಲೆಸ್ ಕಡ್ಡಿ ಚಕ್ರವೂ ಸಿಗುತ್ತಿದೆ. ಮೊಳೆ ಚುಚ್ಚಿದರೆ ಹತ್ತು ನಿಮಿಷದ ಕೆಲಸ. ಆದರೆ ಕಲ್ಲಿಗೆ ಬಡಿದು ರಿಮ್ಮಿನ ಅಂಚು ಬಗ್ಗಿದರೆ ಗಾಳಿ ನಿಲ್ಲುವುದಿಲ್ಲ, ಆಗ ಟ್ಯೂಬೇ ಬೇಕು. ಅದನ್ನು ಬಿಟ್ಟು ಹೊರಡಬೇಡಿ.

ಕಡ್ಡಿಗಳನ್ನು ತಿಂಗಳಿಗೊಮ್ಮೆ ಸಣ್ಣ ಸ್ಪಾನರಿನಿಂದ ತಟ್ಟಿ ಕೇಳಿ. ಬಿಗಿ ಇರುವುದು ಟಿಣ್ ಎನ್ನುತ್ತದೆ, ಸಡಿಲ ಇರುವುದು ಮಂಕಾಗಿ ಟಪ್ ಎನ್ನುತ್ತದೆ.

ಶಾಕಪ್ ಎಷ್ಟು ಕುಸಿಯಬೇಕು

ದುಬಾರಿ ಶಾಕಪ್ ಕೊಳ್ಳುವ ಮುಂಚೆ ಇರುವುದನ್ನು ನಿಮ್ಮ ತೂಕಕ್ಕೆ ಹೊಂದಿಸಿ, ಇದಕ್ಕೆ ಖರ್ಚಿಲ್ಲ. ಹಿಂಚಕ್ರ ಎತ್ತಿಹಿಡಿದು, ಎಕ್ಸೆಲಿನ ನಡುವಿನಿಂದ ನೇರ ಮೇಲೆ ಸೀಟಿನ ಪಕ್ಕದಲ್ಲಿ ಗುರುತು ಮಾಡಿದ ಜಾಗದವರೆಗೆ ಟೇಪಿನಲ್ಲಿ ಅಳೆಯಿರಿ. ಆಮೇಲೆ ರೈನ್‌ಕೋಟು, ಶೂ, ದಿನಾ ಒಯ್ಯುವ ಚೀಲ ಸಮೇತ ಕೂತು, ಒಬ್ಬರು ಗಾಡಿ ಹಿಡಿದಿರುವಾಗ ಇನ್ನೊಬ್ಬರು ಅದೇ ಅಳತೆ ತೆಗೆಯಲಿ. ಎರಡರ ವ್ಯತ್ಯಾಸ ಒಟ್ಟು ಓಡಾಟದ ಮೂರನೇ ಒಂದು ಭಾಗದಷ್ಟು, ಅಂದರೆ 200 ಮಿ.ಮೀ. ಇದ್ದರೆ 60ರಿಂದ 65 ಮಿ.ಮೀ. ಇರಬೇಕು. ಹೆಚ್ಚು ಕುಸಿದರೆ ಸ್ಪ್ರಿಂಗಿನ ಮೇಲಿನ ರಿಂಗು ಒಂದೊಂದೇ ಹಲ್ಲು ಬಿಗಿ ಮಾಡಿ. ಪೂರ್ತಿ ಬಿಗಿ ಮಾಡಿದರೂ 80 ದಾಟಿದರೆ ಸ್ಪ್ರಿಂಗ್ ನಿಮ್ಮ ಭಾರಕ್ಕೆ ಮೆದು, ಬದಲಿಸಬೇಕಾದ್ದು ಆಗ ಮಾತ್ರ. ಹಿಂಭಾಗ ಕುಸಿದ ಗಾಡಿಯ ಮುಂಚಕ್ರ ಹಗುರಾಗಿ, ಕೆಸರಿನಲ್ಲಿ ಹ್ಯಾಂಡಲ್ ಹೇಳಿದಂತೆ ಕೇಳುವುದಿಲ್ಲ. ಕಾಲು ಎಟುಕುವುದಿಲ್ಲ ಎಂದು ಲಿಂಕ್ ಬದಲಿಸಿ ಗಾಡಿ ತಗ್ಗಿಸುವುದೂ ಇದೇ ಕಾರಣಕ್ಕೆ ಬೇಡ. ಸೀಟಿನ ಫೋಮನ್ನು ಇಕ್ಕೆಲದಲ್ಲಿ ಕೊರೆಸಿ ಕಿರಿದು ಮಾಡಿಸಿದರೆ ಅಷ್ಟೇ ಅನುಕೂಲ, ನೆಲದಿಂದ ಎತ್ತರ ಹಾಗೇ ಉಳಿಯುತ್ತದೆ.

ಚೈನು

ಮಳೆಗಾಲದಲ್ಲಿ ಕೆಂಪು ಮಣ್ಣು ಎಣ್ಣೆಗೆ ಸೇರಿ ಸಾಣೆ ಹಿಡಿಯುವ ಲೇಪವಾಗುತ್ತದೆ. ಪ್ರತಿ 300 ಕಿ.ಮೀ.ಗೆ, ಇಲ್ಲವೇ ಕೆಸರು ಹೊಕ್ಕ ಪ್ರತಿ ದಿನ, ಸೀಮೆಎಣ್ಣೆ ಮತ್ತು ಮೆದು ಬ್ರಷ್ಷಿನಲ್ಲಿ ತೊಳೆದು, ಒರೆಸಿ, 80ಡಬ್ಲ್ಯು-90 ಗೇರ್ ಆಯಿಲ್ ಹಚ್ಚಿ. ಪೆಟ್ರೋಲ್ ಬೇಡ, ಚೈನಿನ ಒಳಗಿನ ಸಣ್ಣ ರಬ್ಬರ್ ರಿಂಗುಗಳನ್ನು ಅದು ಒಣಗಿಸುತ್ತದೆ. ಎಣ್ಣೆ ಹಚ್ಚಬೇಕಾದ್ದು ಓಡಿ ಬಂದು ಚೈನು ಬೆಚ್ಚಗಿರುವಾಗ, ಒಳಬದಿಗೆ. ಸಡಿಲ ಅಳೆಯುವಾಗ ಚಕ್ರ ತಿರುಗಿಸಿ ಅತಿ ಬಿಗಿಯಾದ ಜಾಗ ಹುಡುಕಿ ಅಲ್ಲಿ ನೋಡಿ. ಉದ್ದ ಓಡಾಟದ ಶಾಕಪ್ ಕುಸಿದಾಗ ಚೈನು ಇನ್ನೂ ಬಿಗಿಯಾಗುತ್ತದೆ, ಆದ್ದರಿಂದ ಅನುಮಾನವಿದ್ದರೆ ಒಂದಿಷ್ಟು ಸಡಿಲ ಇರಲಿ. ಬಿಗಿ ಚೈನು ಗೇರ್‌ಬಾಕ್ಸಿನ ಬೇರಿಂಗ್ ತಿನ್ನುತ್ತದೆ.

ಘಾಟಿಯ ತಿರುವಿನಲ್ಲಿ ಎರಡನೇ ಗೇರು ಎಳೆಯದೆ, ಒಂದನೇ ಗೇರು ಕಿರುಚುತ್ತದೆ ಎಂದರೆ ಮುಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಇಳಿಸಬಹುದು. 15ರಿಂದ 14ಕ್ಕೆ ಬಂದರೆ ಎಳೆತ ಸುಮಾರು ಶೇ. 7 ಹೆಚ್ಚುತ್ತದೆ, ಹೆದ್ದಾರಿಯಲ್ಲಿ ಎಂಜಿನ್ ಅಷ್ಟೇ ಹೆಚ್ಚು ಸುತ್ತುತ್ತದೆ. ಶಿವಮೊಗ್ಗ–ಬೆಂಗಳೂರು ಓಡಾಟ ಜಾಸ್ತಿ ಇರುವವರಿಗೆ ಇದು ಬೇಡ.

ಮಂಜಿನ ಲೈಟು, ಒಣಗಿದ ವೈರಿಂಗು

ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯಲ್ಲಿ ಜುಲೈ ಸಂಜೆ ಐದಕ್ಕೇ ಎದುರಿನ ಗಾಡಿ ಕಾಣದಷ್ಟು ಮಂಜು ಕವಿಯಬಹುದು. ಮಂಜಿಗೆ ಬೇಕಾದ್ದು ಅಗಲಕ್ಕೆ ಹರಡುವ, ತಗ್ಗಿನಲ್ಲಿ ಕೂತ ಬೆಳಕು. ಎತ್ತರದಿಂದ ಹೊಡೆಯುವ ಪ್ರಖರ ಬಿಳಿ ಲೈಟು ಹನಿಗಳಿಗೆ ಬಡಿದು ನಿಮ್ಮ ಕಣ್ಣಿಗೇ ಮರಳುತ್ತದೆ. 20 ವ್ಯಾಟಿನ ಎರಡು ಹಳದಿ ಎಲ್‌ಇಡಿ ಸಾಕು. ಹೆಡ್‌ಲೈಟಿಗಿಂತ ಕೆಳಗೆ, ಗಾರ್ಡಿನ ಮೇಲೆ ಕೂರಿಸಿ. ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ ನೋಡಿದಾಗ ಬೆಳಕಿನ ಮೇಲಂಚು ಲೈಟಿನ ಎತ್ತರಕ್ಕಿಂತ 10 ಸೆಂ.ಮೀ. ಆದರೂ ಕೆಳಗಿರಬೇಕು. ಇಲ್ಲದಿದ್ದರೆ ಎದುರು ಬರುವವನ ಕಣ್ಣು ಕತ್ತಲಾಗುತ್ತದೆ. ತಿರುವಿನಲ್ಲಿ ಅವನು ನಿಮ್ಮ ಕಡೆಗೇ ಬರುತ್ತಿರುತ್ತಾನೆ ಎಂಬುದು ನೆನಪಿರಲಿ.

ಎರಡೂ ಸೇರಿ 40 ವ್ಯಾಟು, ಅಂದರೆ 12 ವೋಲ್ಟಿಗೆ 3.3 ಆಂಪಿಯರ್ ಆಸುಪಾಸು. 5 ಆಂಪಿಯರ್ ಫ್ಯೂಸು, 1.5 ಚದರ ಮಿ.ಮೀ. ತಾಮ್ರದ ವೈರು, ನಾಲ್ಕು ಕಾಲಿನ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು) ಬೇಕು. ಕಾಲುಗಳ ಪಕ್ಕದಲ್ಲಿ 30, 85, 86, 87 ಎಂದು ಬರೆದಿರುತ್ತದೆ. ಬ್ಯಾಟರಿ ಪ್ಲಸ್ಸಿನಿಂದ ಫ್ಯೂಸ್ ಮೂಲಕ ರಿಲೇಯ 30ಕ್ಕೆ, 87ರಿಂದ ಲೈಟಿಗೆ, 85 ನೆಗೆಟಿವ್‌ಗೆ, 86ಕ್ಕೆ ಕೀ ಹಾಕಿದಾಗ ಮಾತ್ರ ಕರೆಂಟು ಬರುವ ವೈರು, ಹ್ಯಾಂಡಲಿನ ಸ್ವಿಚ್ಚಿನ ಮೂಲಕ. ಫ್ಯೂಸು ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ದೂರ ಇಟ್ಟರೆ ನಡುವಿನ ವೈರು ಉಜ್ಜಿ ಶಾರ್ಟ್ ಆದಾಗ ಫ್ಯೂಸು ಕಾಯುವುದಿಲ್ಲ. ಹೆಡ್‌ಲೈಟಿನ ವೈರನ್ನು ಸುಲಿದು ಅದಕ್ಕೇ ಲೈಟು ಸುತ್ತುವ ಕೆಲಸವನ್ನು ಯಾವ ಅಂಗಡಿಯವರಿಗೂ ಮಾಡಲು ಬಿಡಬೇಡಿ. ಆ ವೈರು ಅಷ್ಟು ಕರೆಂಟಿಗೆಂದು ಮಾಡಿದ್ದಲ್ಲ, ಸುಲಿದ ಜಾಗ ಎರಡು ಮಳೆಗಾಲದಲ್ಲಿ ಹಸಿರು ಹಿಡಿದು ಕತ್ತರಿಸುತ್ತದೆ.

ಜೋಡಣೆಗಳಿಗೆ ಬೆಸುಗೆಗಿಂತ ಒತ್ತಿ ಹಿಡಿಸುವ ಥಿಂಬಲ್ ಒಳ್ಳೆಯದು. ಬೆಸುಗೆಯ ತವರ ವೈರಿನ ಎಳೆಗಳೊಳಗೆ ಹರಿದು ಗಟ್ಟಿ ಮಾಡುತ್ತದೆ, ಎಂಜಿನ್ ನಡುಕಕ್ಕೆ ಅದರ ಅಂಚಿನಲ್ಲೇ ಎಳೆಗಳು ಮುರಿಯುತ್ತವೆ. ಜೋಡಣೆಯ ಮೇಲೆ ಹೀಟ್ ಶ್ರಿಂಕ್, ಅಂದರೆ ಬಿಸಿಗೆ ಕುಗ್ಗುವ, ಒಳಬದಿಗೆ ಅಂಟು ಇರುವ ಕೊಳವೆ ಹಾಕಿ. ಇನ್ಸುಲೇಷನ್ ಟೇಪು ಮಲೆನಾಡಿನ ತೇವಕ್ಕೆ ತಿಂಗಳಲ್ಲಿ ಬಿಚ್ಚಿಕೊಳ್ಳುತ್ತದೆ. ಕಪ್ಲರಿಗೆ ಬರುವ ವೈರು ಮೇಲಿನಿಂದ ನೇರ ಇಳಿಯದಿರಲಿ. ಕಪ್ಲರಿಗಿಂತ ಕೆಳಗೆ ಒಂದು ಜೋಲು ಕೊಟ್ಟು ಮೇಲಕ್ಕೆ ಹತ್ತಿಸಿದರೆ ಹನಿ ಅಲ್ಲೇ ತೊಟ್ಟಿಕ್ಕುತ್ತದೆ. ಮೇ ತಿಂಗಳಲ್ಲಿ ಸೀಟು, ಟ್ಯಾಂಕು ತೆಗೆದು ಕೈಗೆ ಸಿಗುವ ಎಲ್ಲಾ ಕಪ್ಲರ್ ಬಿಚ್ಚಿ, ಒಣಗಿಸಿ, ಅದರ ರಬ್ಬರಿಗೆ ಡೈ-ಎಲೆಕ್ಟ್ರಿಕ್ ಗ್ರೀಸ್ ಸವರಿ ಟಕ್ಕೆಂದು ಕೂರಿಸಿ. ಸೈಡ್ ಸ್ಟ್ಯಾಂಡ್ ಸ್ವಿಚ್ಚಿನದನ್ನು ಮರೆಯಬೇಡಿ. ಅದಕ್ಕೆ ಕೆಸರು ಹೊಕ್ಕರೆ, ಸ್ಟ್ಯಾಂಡ್ ತೆಗೆದಿದ್ದರೂ ಗೇರು ಹಾಕಿದೊಡನೆ ಎಂಜಿನ್ ನಿಲ್ಲುತ್ತದೆ. ಬಹಳ ಜನ ಇಲ್ಲದ ದೊಡ್ಡ ಕಾಯಿಲೆ ಹುಡುಕುತ್ತಾ ಒದ್ದಾಡುವುದು ಇದಕ್ಕೇ.

ಬ್ರೇಕು

ಮರಳು ಮಿಶ್ರಿತ ಕೆಸರು ಮೆದು ಪ್ಯಾಡನ್ನು ಒಂದೇ ಮಳೆಗಾಲದಲ್ಲಿ ಮುಗಿಸಬಹುದು. ಲೋಹದ ಪುಡಿ ಒತ್ತಿ ಮಾಡಿದ ಸಿಂಟರ್ಡ್ ಪ್ಯಾಡ್ ಬಾಳಿಕೆ ಬರುತ್ತದೆ, ಒದ್ದೆಯಲ್ಲೂ ಹಿಡಿಯುತ್ತದೆ. ಕ್ಯಾಲಿಪರಿನ ಜಾರುಪಿನ್ನುಗಳನ್ನು ಬಿಚ್ಚಿ ಸಿಲಿಕೋನ್ ಗ್ರೀಸ್ ಹಚ್ಚಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಹವೆಗೆ ವರ್ಷಕ್ಕೊಮ್ಮೆ ಬದಲಿಸುವುದು ಕ್ಷೇಮ. ಹಿಂಚಕ್ರದ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ಆರಿಸುವ ಸೌಲಭ್ಯ ಇದ್ದರೆ ಕಡಿದಾದ ಮಣ್ಣಿನ ಇಳಿಜಾರಿಗೆ ಮಾತ್ರ ಬಳಸಿ, ಟಾರು ಸಿಕ್ಕಿದ ಕೂಡಲೇ ಮತ್ತೆ ಹಾಕಿ.

ಗಾರ್ಡು, ಚೀಲ

ಎಂಜಿನ್ ಅಡಿಗೆ 4 ಮಿ.ಮೀ. ಅಲ್ಯೂಮಿನಿಯಂ ತಟ್ಟೆ, ಅಲ್ಯೂಮಿನಿಯಂ ಪಟ್ಟಿ ಇರುವ ಹ್ಯಾಂಡ್ ಗಾರ್ಡ್, ಇವೆರಡು ನಿಜವಾಗಿ ಬೇಕಾದವು. ತಟ್ಟೆಯಲ್ಲಿ ಆಯಿಲ್ ಬೋಲ್ಟಿಗೆ ಕಿಂಡಿ, ಕೆಸರು ಇಳಿಯಲು ತೂತು ಇದೆಯೇ ನೋಡಿ ಕೊಳ್ಳಿ. ಬ್ರೇಕ್, ಕ್ಲಚ್ ಲಿವರಿನ ಹಿಡಿಕೆಯನ್ನು ಬಿದ್ದಾಗ ತಿರುಗುವಷ್ಟು ಮಾತ್ರ ಬಿಗಿ ಮಾಡಿ; ಕಲ್ಲಿನಂತೆ ಬಿಗಿ ಇದ್ದರೆ ಲಿವರ್ ಮುರಿಯುತ್ತದೆ. ಹೊಸ ಕ್ಲಚ್ ಕೇಬಲ್ಲೊಂದನ್ನು ಹಳೆಯದರ ಪಕ್ಕದಲ್ಲೇ ಎಳೆದು, ಎರಡೂ ತುದಿಗೆ ಪ್ಲಾಸ್ಟಿಕ್ ಸುತ್ತಿ ಕಟ್ಟಿಡಿ. ದಾರಿಯಲ್ಲಿ ತುಂಡಾದರೆ ಟ್ಯಾಂಕ್ ಬಿಚ್ಚದೆ ತುದಿ ಬದಲಿಸಿದರೆ ಆಯಿತು.

ಪೆಟ್ಟಿಗೆಯ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿ ಹೇಳಬೇಕು. ಅಲ್ಯೂಮಿನಿಯಂ ಪೆಟ್ಟಿಗೆ ಜೋಡಿ ಹೆದ್ದಾರಿಗೆ ಸೊಗಸು. ತೋಟದ ಅಗಳದಲ್ಲಿ, ಧರೆ ಪಕ್ಕದ ಓಣಿಯಲ್ಲಿ ಅದು ಕಾಲು ಮುರಿಯುವ ಸಾಧನ. ಕೆಸರಿನಲ್ಲಿ ಕಾಲು ಊರಿದಾಗ ಗಾಡಿ ಮುಂದೆ ಹೋಗಿ ಪೆಟ್ಟಿಗೆಯ ಅಂಚು ಮೀನಖಂಡಕ್ಕೆ ಬಡಿಯುತ್ತದೆ. ನೀರು ಹೊಗದ ಮೆದು ಚೀಲ ಹಾಕಿ. ಭಾರದ್ದು ಮುಂದಕ್ಕೆ, ಕೆಳಗೆ ಇರಲಿ, ಚೀಲದ ಪಟ್ಟಿಯ ತುದಿ ಚೈನಿಗೂ ಸೈಲೆನ್ಸರಿಗೂ ತಾಗದಿರಲಿ.

ಹಳ್ಳ ದಾಟುವುದು, ನೀರು ಕುಡಿದ ಎಂಜಿನ್

ಚಕ್ರದ ಎಕ್ಸೆಲ್ ಮುಳುಗದಷ್ಟು, ತಳ ಕಾಣುವಷ್ಟು ತಿಳಿ ನೀರಾದರೆ ದಾಟಬಹುದು. ಮೊದಲು ನಡೆದು ನೋಡಿ. ನಡೆಯುವಾಗ ಕಾಲು ಎಳೆದುಕೊಂಡು ಹೋಗುವ ಸೆಳವು ಇದ್ದರೆ ಗಾಡಿಯನ್ನೂ ಎಳೆಯುತ್ತದೆ. ಕೆಂಪಗೆ ತಿರುಗಿದ ನೀರು ಎಂದರೆ ಮೇಲೆಲ್ಲೋ ಮಳೆ ಸುರಿಯುತ್ತಿದೆ, ಮಟ್ಟ ಏರುತ್ತಿದೆ. ಪುನರ್ವಸು, ಪುಷ್ಯ ಮಳೆಯ ದಿನಗಳಲ್ಲಿ ಮೋರಿ ಮುಳುಗಿದ್ದರೆ ತಿರುಗಿ ಹೋಗುವುದೇ ದಾರಿ. ದಯವಿಟ್ಟು ಸಾಹಸ ಮಾಡಬೇಡಿ. ದಾಟುವುದಾದರೆ ಒಂದನೇ ಗೇರು, ಒಂದೇ ಸಮ ಆಕ್ಸಿಲರೇಟರ್, ಕಣ್ಣು ಆಚೆ ದಡದ ಮೇಲೆ.

ನೀರಿನಲ್ಲಿ ಬಿದ್ದು ಎಂಜಿನ್ ನಿಂತರೆ ಸ್ಟಾರ್ಟರ್ ಒತ್ತಲೇಬಾರದು. ಸಿಲಿಂಡರಿನ ನೀರು ಗಾಳಿಯಂತೆ ಒತ್ತಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಕೀ ತೆಗೆದು ಗಾಡಿಯನ್ನು ದಡಕ್ಕೆ ತನ್ನಿ. ಏರ್ ಫಿಲ್ಟರ್ ಡಬ್ಬಿ ತೆರೆಯಿರಿ. ಒಳಗೆ ಒಣಗಿದ್ದರೆ ಎಂಜಿನ್ನಿಗೆ ನೀರು ಹೋಗಿಲ್ಲದಿರಬಹುದು, ಒದ್ದೆ ಇದ್ದರೆ ಮುಂದಿನದೆಲ್ಲ ಮಾಡಬೇಕು. ಫಿಲ್ಟರ್ ತೆಗೆದು ಡಬ್ಬಿ ಒರೆಸಿ. ಮುಂಭಾಗ ಮೇಲೆತ್ತಿ ಸೈಲೆನ್ಸರಿನ ನೀರು ಇಳಿಸಿ. ಸ್ಪಾರ್ಕ್ ಪ್ಲಗ್ ಬಿಚ್ಚಿ. ಪೆಟ್ರೋಲ್ ಪಂಪಿನ ಕಪ್ಲರ್ ಕಿತ್ತಿಡಿ. ಬಿಚ್ಚಿದ ಪ್ಲಗ್ಗನ್ನು ಅದರ ಕ್ಯಾಪಿಗೆ ಸಿಕ್ಕಿಸಿ, ತೂತಿನಿಂದ ದೂರ, ಎಂಜಿನ್ನಿನ ಬರಿ ಲೋಹಕ್ಕೆ ತಾಗಿಸಿ ಇಡಿ. ಪ್ಲಗ್ ತೂತಿನ ಎದುರು ಮುಖ ಇಡದೆ ಸ್ಟಾರ್ಟರನ್ನು ಎರಡೆರಡು ಸೆಕೆಂಡಿನಂತೆ ಒತ್ತಿದರೆ ನೀರು ಚಿಮ್ಮಿ ಹೊರಬರುತ್ತದೆ. ಚಿಮ್ಮುವುದು ನಿಂತ ಮೇಲೆ ಎಂಜಿನ್ ಆಯಿಲ್ ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ಸ್ಟಾರ್ಟ್ ಮಾಡದೆ ಪಿಕ್‌ಅಪ್ ತರಿಸಿ. ಗ್ಯಾರೇಜಿನಲ್ಲಿ ಆಯಿಲ್ ಇಳಿಸಿ, ಅಗ್ಗದ ಆಯಿಲ್ ಹಾಕಿ ಐದು ನಿಮಿಷ ಐಡ್ಲಿಂಗಿನಲ್ಲಿ ಓಡಿಸಿ, ಅದನ್ನೂ ಇಳಿಸಿ, ಆಮೇಲೆ ಹೊಸ ಫಿಲ್ಟರ್ ಸಮೇತ ಒಳ್ಳೆಯ ಆಯಿಲ್. ಒಂದು ಸಲಕ್ಕೆ ನೀರೆಲ್ಲ ಹೋಗುವುದಿಲ್ಲ.

ಮುಟ್ಟಬಾರದ್ದು, ಹೋಗಬಾರದ್ದು

ಸೈಲೆನ್ಸರ್ ಬದಲಾವಣೆಯಿಂದ ಇಲ್ಲಿ ಲಾಭವಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಆರ್‌ಸಿಯಲ್ಲಿರುವ ಮೂಲ ವಿವರಗಳನ್ನು ಬದಲಿಸಲು ಬಿಡುವುದಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿದಿದೆ. ಅದಕ್ಕಿಂತ ದೊಡ್ಡದು ಕಾಡಿನ ಮಾತು. ಶೆಟ್ಟಿಹಳ್ಳಿ, ಶರಾವತಿ ಕಣಿವೆ, ಸೋಮೇಶ್ವರ ಇವು ಅಭಯಾರಣ್ಯಗಳು. ದಾರಿ ಕಂಡಿತೆಂದು ಗಾಡಿ ನುಗ್ಗಿಸಿದರೆ ಅಪರಾಧ, ಅದಕ್ಕೂ ಮಿಗಿಲಾಗಿ ಮಳೆಗಾಲದಲ್ಲಿ ಒಂದು ಚಕ್ರ ಕೊರೆದ ಗೆರೆ ಮುಂದಿನ ಮಳೆಗೆ ಕಾಲುವೆಯಾಗಿ ಗುಡ್ಡವನ್ನೇ ಕೊರೆಯುತ್ತದೆ. ಬ್ಯಾಣದ ಹುಲ್ಲಿನ ಮೇಲೂ ಹಾಗೆಯೇ. ಊರ ದಾರಿ, ತೋಟದ ದಾರಿಗಳೇ ಬೇಕಾದಷ್ಟಿವೆ. ತೋಟದ್ದಾದರೆ ಯಜಮಾನರನ್ನು ಕೇಳಿ ಹೋಗಿ.

ತೊಳೆದು ನಿಲ್ಲಿಸುವುದು

ವಾಟರ್ ಸರ್ವಿಸಿನ ಜೋರು ನೀರನ್ನು ಚಕ್ರದ ನಡುವಿಗೆ, ಕೋನ್‌ಸೆಟ್ಟಿಗೆ, ಲಿಂಕಿಗೆ, ರೇಡಿಯೇಟರಿಗೆ ಹಿಡಿಸಬೇಡಿ. ಸೀಲು ದಾಟಿ ಒಳಹೊಕ್ಕ ನೀರು ಹೊರಗೆ ಬರುವುದಿಲ್ಲ, ರೇಡಿಯೇಟರಿನ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ. ತೋಟದ ಪೈಪಿನ ಮೆಲ್ಲನೆಯ ನೀರಲ್ಲಿ ಕೆಸರು ಹಸಿ ಇರುವಾಗಲೇ ಇಳಿಸಿ, ರೇಡಿಯೇಟರಿಗೆ ಎಂಜಿನ್ ಕಡೆಯಿಂದ ಮುಂದಕ್ಕೆ ನೀರು ಬಿಡಿ.

ಕೊಟ್ಟಿಗೆಯಲ್ಲಿ ವಾರಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿಡಿ. ಈಗಿನ ಪೆಟ್ರೋಲಿನ ಎಥೆನಾಲ್ ಖಾಲಿ ಜಾಗದ ತೇವ ಹೀರಿ ತಳಕ್ಕೆ ನೀರಾಗಿ ಇಳಿಯುತ್ತದೆ. ಸೀಟಿನ ಅಡಿಯಲ್ಲಿ ಅಡಿಕೆ ಚೂರೋ ತಿಂಡಿಯ ಪೊಟ್ಟಣವೋ ಉಳಿಯದಂತೆ ನೋಡಿಕೊಳ್ಳಿ. ಇಲಿ ಬಂದದ್ದು ತಿಂಡಿಗಾದರೂ ಹೋಗುವಾಗ ವೈರು ಕಡಿದಿರುತ್ತದೆ.

ಟ್ಯಾಂಕಿನ ಮುಚ್ಚಳದ ಸುತ್ತಲಿನ ತಗ್ಗಿನಲ್ಲಿ ಒಂದು ಸಣ್ಣ ತೂತಿರುತ್ತದೆ. ಮಳೆನೀರು ಅದರಿಂದ ರಬ್ಬರ್ ಪೈಪಿನಲ್ಲಿ ಇಳಿದು ಗಾಡಿಯ ಅಡಿಗೆ ಹೋಗಬೇಕು. ಕುಂಬಾರ ಹುಳ ಆ ಪೈಪಿನ ಬಾಯಿಗೆ ಮಣ್ಣು ಮೆತ್ತಿ ಗೂಡು ಕಟ್ಟಿದರೆ ನೀರು ತಗ್ಗಿನಲ್ಲೇ ನಿಂತು, ಮುಚ್ಚಳ ತೆಗೆದಾಗ ಟ್ಯಾಂಕಿಗೇ ಸುರಿಯುತ್ತದೆ, ಗಾಡಿ ಕೆಮ್ಮಲು ಶುರು ಮಾಡುತ್ತದೆ. ಕಳೆ ಹೊಡೆಯುವ ಮೆಷಿನ್ನಿನ ನೈಲಾನ್ ದಾರ ಒಂದು ಮಾರು ಕತ್ತರಿಸಿ ಕೆಳಗಿನಿಂದ ತೂರಿಸಿ ಚೊಕ್ಕ ಮಾಡಿ. ಮುಚ್ಚಳ ಬಿಗಿ ಇರುವಾಗಲೇ ತಗ್ಗಿಗೆ ಅರ್ಧ ಲೋಟ ನೀರು ಹೊಯ್ಯಿರಿ. ಕೂಡಲೇ ಅಡಿಯಲ್ಲಿ ಹನಿ ತೊಟ್ಟಿಕ್ಕಿದರೆ ಪೈಪು ಸರಿ ಇದೆ.